ಅಕ್ಕನ ಉಣ್ಣೆ ಸ್ವೆಟರ್

ಪ್ರೀತಿಯ ಅಕ್ಕಾ,

ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದು: ಅವರ ಸೋದರಮಾವ ಈಗ ಉಕ್ಕಿನ ಕಾರ್ಖಾನೆಗೇ ಹೀರೊ!

ಕುಲುಮೆ ಮುಂದೆ ಬೇಯುವವನಿಗೆ ಉಣ್ಣೆ ಸ್ವೆಟರೇ ಎಂದು ನಿನ್ನನ್ನು ಆಡಿಕೊಂಡಿದ್ದೆನಲ್ಲ? ನಿನ್ನೆ ನನ್ನ ಮಿರುಗುವ ನೈಲಾನ್ ಅಂಗಿಯನ್ನು ಅಂಗಿ ಹರಿದುಕೊಂಡಿದ್ದ ಜೊತೆಗಾರನಿಗೆ ಕೊಟ್ಟು, ಬೇರೆ ಗತಿಯಿಲ್ಲದೆ ನಿನ್ನ ಸ್ವೆಟರನ್ನೇ ತೊಟ್ಟೆ. ಒದ್ದೆ ಗುಜರಿ ಕುಲುಮೆಗೆ ಬಿದ್ದದ್ದೇ ತಡ, ಕಾದ ಉಕ್ಕು ಢಮಾರೆಂದು ಸಿಡಿಯಿತು! ಉಣ್ಣೆಗೆ ಬೆಂಕಿಯೇ ಹತ್ತಲಿಲ್ಲ; ಕಿಡಿಗಳೆಲ್ಲ ಜಾರಿಬಿದ್ದವು. ಮೇಸ್ತ್ರಿ ಬೆರಗಾಗಿ, "ಯಾವ ಕಂಪನಿ ಮಾಲಯ್ಯಾ ಇದು?" ಅಂದ. "ನಮ್ಮಕ್ಕನ ಕಂಪನಿ, ಸ್ವಾಮಿ!" ಅಂದೆ.

ಈಗ ನಮ್ಮ ಪಾಳಿಯವರೆಲ್ಲ ಕೇಳುತ್ತಿದ್ದಾರೆ. ಬೇಗ ಹನ್ನೊಂದು ಹೆಣೆದು ಕಳಿಸು. ಮೊದಲನೆಯದರ ಬಲತೋಳು ತುಂಬ ಸಡಿಲವಾಗಿರಲಿ. ಅದು ನನ್ನ ಅಂಗಿ ತೊಟ್ಟಿದ್ದವನಿಗೆ; ನೈಲಾನ್ ಕರಗಿ ಅಂಟಿದ ಕೈಗೆ ದಪ್ಪ ಪಟ್ಟಿ ಕಟ್ಟಿದ್ದಾರೆ. ಇದಿಷ್ಟನ್ನು ಮಾತ್ರ ಮಕ್ಕಳಿಗೆ ಓದಬೇಡ.

ನಿನ್ನ ಕಂಪನಿಯ ಏಜೆಂಟ್,
ತಮ್ಮ