ಅಕ್ಕ ಈಗ ಜಗಳವಾಡುವುದಿಲ್ಲ

ನೆಮ್ಮದಿ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ತಾವು ದುರಸ್ತಿ ಮಾಡಿ ಕಳುಹಿಸಿದ ನನ್ನ ಅಕ್ಕ ಕ್ಷೇಮವಾಗಿ ಮನೆ ತಲುಪಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಮಲಗುತ್ತಾಳೆ, ಯಾರ ತಂಟೆಗೂ ಹೋಗುವುದಿಲ್ಲ. ನನ್ನ ದೂರು ಅದೇ.

ನಾನು ದರ್ಜಿ. ಅಕ್ಕ ನನ್ನ ಅಂಗಡಿಯಲ್ಲೇ ಕಾಜಾ ಹೊಲಿದು ಗುಂಡಿ ಹಾಕುವವಳು. ಅವಳ ಬಾಯಿಗೆ ಹೆದರಿ ಗಿರಾಕಿಗಳು ಬೀದಿಯ ಆ ಬದಿಯಲ್ಲೇ ಓಡಾಡುತ್ತಿದ್ದದ್ದು ನಿಜ. ಶಾಲಾ ಮಕ್ಕಳ ಅಂಗಿಗೆಲ್ಲ ಒಂದೇ ಅಳತೆಯ ಕಾಲರ್ ಇರಬೇಕು, ಅಳತೆ ಬೇರೆಯಾದರೆ ಮನಸ್ಸೂ ಬೇರೆಯಾಗುತ್ತದೆ ಎಂದು ತಮ್ಮ ಆದೇಶ ಬಂದಾಗ ನಾನು ತಲೆಯಾಡಿಸಿದೆ. ಅಕ್ಕ ತಮ್ಮ ತಪಾಸಣಾಧಿಕಾರಿಯನ್ನು ತಡೆದು ನಿಲ್ಲಿಸಿದಳು. "ಅಲ್ಲ ಸ್ವಾಮಿ, ಕತ್ತು ನೋಡಿ ಕಾಲರ್ ಹೊಲೀಬೇಕೋ, ಕಾಲರ್ ನೋಡಿ ಕತ್ತು ಕೊಯ್ಯಬೇಕೋ? ಅದನ್ನೂ ಆದೇಶದಲ್ಲಿ ಬರೆದುಕೊಡಿ, ಕತ್ತರಿ ಇಲ್ಲೇ ಇದೆ." ಅಂಗಡಿಯಲ್ಲಿದ್ದವರು ನಕ್ಕರು. ಆ ನಗುವಿಗೇ ಸಮಾಜ ಕುಸಿದುಬೀಳುತ್ತದೆಂದು ತಮಗೆ ಅನ್ನಿಸಿರಬೇಕು, ಸಂಜೆಯೊಳಗೆ ತಮ್ಮ ವಾಹನ ಬಂದು ಅವಳನ್ನು ಕರೆದೊಯ್ದಿತು. ಗುಂಡಿ ಹಾಕುವವಳೊಬ್ಬಳ ಮಾತಿಗೆ ಅಲ್ಲಾಡುವಷ್ಟು ಗಟ್ಟಿಯಾದ ನೆಮ್ಮದಿಯನ್ನು ಕಟ್ಟಿದ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು.

ಬೀದಿಯವರಿಗೆ ಸಂತೋಷವಾಗಿದೆ. "ಈಗ ಎಷ್ಟು ಒಳ್ಳೆಯವಳಾಗಿದಾಳೆ ನೋಡು" ಅನ್ನುತ್ತಾರೆ ಎದುರು ಮನೆಯ ನರ್ಸಮ್ಮ. ನನಗೆ ನಂಬಿಕೆ ಬರಲಿಲ್ಲ. ನಾಟಕವಾಡುತ್ತಿರಬೇಕು, ನಮ್ಮಕ್ಕ ಏನು ಸಾಮಾನ್ಯಳೇ ಎಂದುಕೊಂಡೆ. ಬೇಕೆಂದೇ ಒಂದು ಅಂಗಿಯ ತೋಳನ್ನು ಒಳಹೊರಗು ಮಾಡಿ ಹೊಲಿದು ಅವಳ ಮುಂದಿಟ್ಟೆ. ಮೊದಲಾಗಿದ್ದರೆ ಅದನ್ನು ನನ್ನ ಮುಖಕ್ಕೇ ಎಸೆದು, "ಕಣ್ಣು ಅಡವಿಟ್ಟು ಬಂದಿದೀಯೇನೋ?" ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಈಗ ಗುಂಡಿ ಹಾಕಿದಳು, ಇಸ್ತ್ರಿ ಮಾಡಿದಳು, ಮಡಚಿಟ್ಟಳು.

"ಅಕ್ಕಾ, ತೋಳು ನೋಡಿದ್ಯಾ?"

"ಚೆನ್ನಾಗಿದೆಯಪ್ಪ."

ಆ ಅಂಗಿ ಹಿಡಿದುಕೊಂಡೇ ಅತ್ತುಬಿಟ್ಟೆ, ಸ್ವಾಮಿ. ಯಾಕೆಂದು ಅವಳು ಕೇಳಲಿಲ್ಲ. ಅತ್ತವನನ್ನು ಯಾಕೆಂದು ಕೇಳುವುದರಿಂದಲೂ ಸಮಾಜದ ಶಾಂತಿ ಕದಡುತ್ತದೆಯೇ? ಹಾಗಿದ್ದರೆ ಆ ಶಾಂತಿಯನ್ನು ಅನುಭವಿಸುವವರು ಯಾರು?

ತಾವು ಅವಳಿಂದ ಕಿತ್ತುಕೊಂಡದ್ದು ವಾಪಸು ಬರುವಂಥದ್ದಲ್ಲ ಎಂದು ಬಲ್ಲೆ. ಈ ಪತ್ರವನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ ಮೇಲೆ ನನ್ನನ್ನೂ ಕರೆದೊಯ್ಯುತ್ತೀರೆಂದೂ ಬಲ್ಲೆ. ಆಮೇಲೆ, ಅಕ್ಕ ಹುಟ್ಟಿದಂದಿನಿಂದಲೂ ಹೀಗೇ ಸಾಧು ಎಂದು ನಾನೇ ಹಲ್ಲುಕಿರಿದು ಹೇಳುತ್ತೇನೆ. ಅದಕ್ಕೇ ನನ್ನ ಬೇಡಿಕೆ ಒಂದೇ: ಅವಳು ಎಂಥ ಜಗಳಗಂಟಿಯಾಗಿದ್ದಳೆಂದು ತಾವಾದರೂ ಮರೆಯಬೇಡಿ. ನೆನಪಿಟ್ಟುಕೊಳ್ಳಲು ಇನ್ನು ತಮ್ಮನ್ನು ಬಿಟ್ಟರೆ ಅವಳಿಗೆ ಯಾರೂ ಇಲ್ಲ.

ಇಂತಿ,
ಸದ್ಯಕ್ಕೆ ಇನ್ನೂ ಸರಿಹೋಗದ ಒಬ್ಬ ದರ್ಜಿ