ಟೇಬಲ್ಲಿನ ತೂತು

ಪ್ರೀತಿಯ ಮೇಷ್ಟ್ರೇ,

ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ. ರಿಸಲ್ಟ್ ಬರುವ ತನಕವಾದರೂ ಇರಬಾರದಿತ್ತೇ?

ಹೊನ್ನಾಳಿಯ ನಿಮ್ಮ ಟೈಪಿಂಗ್ ಕ್ಲಾಸಿಗೆ ಅಪ್ಪ ನನ್ನನ್ನು ಕರೆತಂದ ದಿನ ನಾನು ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದೆ. ಮೇವು ಕತ್ತರಿಸುವ ಮಷಿನ್ನಿಗೆ ಸಿಕ್ಕಿ ಆ ಕೈಯ ಕೊನೆಯ ಎರಡು ಬೆರಳು ಹೋಗಿದ್ದವು. ಟೈಪ್ ಮಷಿನ್ನಿನ ಒಂದೊಂದು ಕೀಲಿಗೂ ಎರಡೆರಡು ಗುರುತು, ಮೇಲಿನದು ಬೇಕೆಂದರೆ ಶಿಫ್ಟ್ ಒತ್ತಲೇಬೇಕು. ಒತ್ತುವ ಕಿರುಬೆರಳೇ ಇಲ್ಲ! "ಕಾಲು ನೆಟ್ಟಗದಾವಲ್ಲವ್ವ?" ಎಂದು ಕೇಳಿದಿರಿ. ಅಪ್ಪನ ಮುಖ ಕೆಂಪಾಯಿತು.

ಮರುವಾರ ಬಂದು ನೋಡಿದರೆ, ನನ್ನ ಟೇಬಲ್ಲಿಗೆ ತೂತು ಕೊರೆದು, ಶಿಫ್ಟ್ ಕೀಲಿಗೆ ಸೈಕಲ್ ಬ್ರೇಕಿನ ತಂತಿ ಕಟ್ಟಿ, ಕೆಳಗಿನ ಹಲಗೆಗೆ ಬಿಗಿದಿದ್ದಿರಿ. ಹಲಗೆ ತುಳಿದರೆ ಶಿಫ್ಟ್ ಬೀಳುತ್ತಿತ್ತು. ಉಳಿದ ಹುಡುಗಿಯರು "ಏನು ಗಿರಿಜಾ, ರವಿಕೆ ಹೊಲಿದುಕೊಡ್ತೀಯೇನೆ?" ಎಂದು ನಗುತ್ತಿದ್ದರು. ನಗಲಿ ಬಿಡಿ, ಅವರಿಗಿಂತ ಜೋರಾಗಿ ಟೈಪ್ ಹೊಡೆಯುತ್ತಿದ್ದೆ.

ಪರೀಕ್ಷೆಗೆ ಚನ್ನಗಿರಿಗೆ ಹೊರಟಾಗ ಮಷಿನ್ನನ್ನು ಬಸ್ಸಿನ ಮೇಲೆ ಹಾಕಲು ನೀವು ಒಪ್ಪಲಿಲ್ಲ. ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿರಿ. ತಂತಿ, ಹಲಗೆ, ಎಣ್ಣೆ ಡಬ್ಬಿ, ಎಲ್ಲ ನೆನಪಿತ್ತು. ಪರೀಕ್ಷೆಯ ಕೋಣೆಯಲ್ಲಿ ಮಷಿನ್ ಇಳಿಸಿದ ಮೇಲೆ ಇಬ್ಬರಿಗೂ ಹೊಳೆಯಿತು: ಈ ಟೇಬಲ್ಲಿಗೆ ತೂತಿಲ್ಲ!

"ಇದೇನ್ರೀ ತಂತಿ? ಬಿಚ್ಚಿ ಒಗೀರಿ" ಎಂದರು ಮೇಲ್ವಿಚಾರಕರು.

"ಕಾಲಾಗೆ ಒತ್ತಬಾರ್ದು ಅಂತ ಯಾವ ರೂಲ್ಸಿನಾಗೈತಿ ಸಾರ್?" ಎಂದಿರಿ ನೀವು.

"ವಾದ ಮಾಡಾಕೆ ಬಂದೀರೇನ್ರೀ? ಏನಾರ ಮಾಡ್ಕಳ್ರಿ, ನಾನು ಮೇಲಿನೋರಿಗೆ ಬರೀತೀನಿ. ಆಮೇಲೆ ಅವರುಂಟು, ನೀವುಂಟು."

ಗಂಟೆ ಹೊಡೆಯುವುದರಲ್ಲಿತ್ತು. ಆಗ ಪಕ್ಕದಲ್ಲಿದ್ದ ಸಾಸ್ವೆಹಳ್ಳಿಯ ಹುಡುಗಿ ಎದ್ದು, "ಎರಡೂ ಟೇಬಲ್ ಕೂಡಿಸ್ರಿ, ನಡುವಿನ ಸಂದಿಯಾಗೆ ತಂತಿ ಬಿಡ್ರಿ. ನಂದೇನೂ ತಕರಾರಿಲ್ಲ" ಎಂದಳು. ನಾನು ಒತ್ತಿದಾಗಲೆಲ್ಲ ಅವಳ ಮಷಿನ್ನೂ ನಡುಗುತ್ತದೆ ಎಂದು ಗೊತ್ತಿದ್ದೂ ಹೇಳಿದಳು, ಪುಣ್ಯಾತ್ಗಿತ್ತಿ.

ಮೊದಲ ಪುಟ ಅರ್ಧವಾಗಿರಲಿಲ್ಲ, ನುಣುಪು ನೆಲದ ಮೇಲೆ ಹಲಗೆ ಜಾರತೊಡಗಿತು. ತುಳಿಯುತ್ತೇನೆ, ಶಿಫ್ಟ್ ಬೀಳುವುದಿಲ್ಲ. ಬೇರೆಯೇ ಗುರುತು ಮೂಡುತ್ತಿದೆ. ಸುತ್ತಲೂ ಟಕಟಕ ಸದ್ದು, ನನ್ನದೊಂದೇ ನಿಂತಿದೆ. ಕಿಟಕಿಯತ್ತ ನೋಡಿದೆ. ನೀವು ಹೊರಗೆ ನಿಂತು ಒಂದು ಚಪ್ಪಲಿ ಕೈಯಲ್ಲಿ ಹಿಡಿದು ತೋರಿಸುತ್ತಿದ್ದಿರಿ. ನನಗೆ ಹೊಡೆಯುತ್ತೀರೇನೋ ಅಂದುಕೊಂಡೆ! "ಯಾರ್ರೀ ಅದು, ಕಿಟಕಿ ಬಿಟ್ಟು ನಡೀರಿ!" ಎಂದು ಮೇಲ್ವಿಚಾರಕರು ಗದರುವಷ್ಟರಲ್ಲಿ ನನಗೆ ಅರ್ಥವಾಗಿತ್ತು. ನನ್ನ ಚಪ್ಪಲಿ ಕಳಚಿ ಹಲಗೆಯ ಹಿಂದೆ, ಟೇಬಲ್ ಕಾಲಿಗೆ ಒತ್ತಿ ಸಿಕ್ಕಿಸಿದೆ. ಹಲಗೆ ನಿಂತಿತು. ಆಮೇಲೆ ತಲೆ ಎತ್ತಲಿಲ್ಲ.

ಮೇಲ್ವಿಚಾರಕರು ಹೇಳಿದಂತೆಯೇ ಮೇಲಿನವರಿಗೆ ಬರೆದರು. ಎಲ್ಲರ ರಿಸಲ್ಟ್ ಬಂತು, ನನ್ನದನ್ನು ತಡೆಹಿಡಿದರು. ಹಾಸಿಗೆ ಹಿಡಿದ ಮೇಲೂ ನೀವು "ಬಂತೇನವ್ವ?" ಎಂದು ಕೇಳುತ್ತಿದ್ದಿರಿ. ಬಂತು ಎಂದು ಸುಳ್ಳು ಹೇಳಿಬಿಡೋಣ ಅನ್ನಿಸುತ್ತಿತ್ತು. ಆದರೆ ನಿಮ್ಮ ಎದುರು ಸುಳ್ಳು ಎಲ್ಲಿ...

ಬಂತು ಮೇಷ್ಟ್ರೇ. ನಿಮ್ಮ ತಿಥಿ ಮುಗಿದ ಮೇಲೆ ಬಂತು. ಪಾಸಾದೆ. ಈಗ ಜಗಳೂರಿನ ಆಫೀಸೊಂದರಲ್ಲಿ ಟೈಪಿಸ್ಟ್. ಸೇರಿದ ವಾರದಲ್ಲೇ ಬಡಗಿಯನ್ನು ಕರೆಸಿ ಟೇಬಲ್ಲಿಗೆ ತೂತು ಹಾಕಿಸಿದೆ. ಹೆಡ್ ಕ್ಲರ್ಕ್ ಕೂಗಾಡಿದರು.

"ಸರ್ಕಾರಿ ಟೇಬಲ್ಲಿಗೆ ತೂತು! ಯಾರನ್ನ ಕೇಳಿ ಮಾಡ್ಸಿದ್ಯಮ್ಮ?"

"ನಮ್ಮ ಮೇಷ್ಟ್ರನ್ನ ಕೇಳಿ" ಎಂದೆ.

"ಹಂಗಾರೆ ಅವರನ್ನೇ ಕರೆಸು. ನಾಳೆ ಬಂದು ನನಗೆ ಹೇಳ್ಲಿ."

"ಕಾಗದ ಬರೀತೀನಿ ಸಾರ್" ಎಂದೆ.

ಬರೆದಿದ್ದೇನೆ ಮೇಷ್ಟ್ರೇ, ಆ ಟೇಬಲ್ಲಿನ ಮೇಲೆಯೇ, ಹಲಗೆ ತುಳಿಯುತ್ತ. ಇನ್ನು ಅವರಿಗೆ ಉತ್ತರ ಕೊಡುವವರು ನೀವು.

ನಿಮ್ಮ
ಗಿರಿಜಾ