ಎಡಗಾಲಿನ ಬೂಟುಗಳ ಅಂಗಡಿ

ಭಾನುವಾರ ಮಧ್ಯಾಹ್ನ, ಅಂಗಡಿಯಿಂದ

ಅಂಗಡಿಗೆ ಬೀಗ ಹಾಕು ಎಂದು ಹೇಳಿ ಹೋದ ಯಜಮಾನರಿಗೆ,

ಬೀಗ ಹಾಕಿಲ್ಲ. ಮೊದಲು ಅದನ್ನೇ ಬರೆದುಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ನಾನು ಚೆನ್ನಾಗಿದ್ದೇನೆ, ಮಗಳೂ ಚೆನ್ನಾಗಿದ್ದಾಳೆ. ನಿಮ್ಮ ಹೊಲಿಗೆ ಮಿಷನ್ ಮಾತ್ರ ನಿಮ್ಮ ಹಾಗೇ ಆಗಾಗ ಮುನಿಸಿಕೊಳ್ಳುತ್ತದೆ. ಎರಡು ಮಾತು ಬೈದರೆ ಓಡುತ್ತದೆ.

ಹೊಸ ರಸ್ತೆ ಆದಮೇಲೆ ನಮ್ಮ ಬೀದಿಗೆ ಯಾರೂ ಕಾಲಿಡದಂತಾದದ್ದು ನಿಮಗೆ ಗೊತ್ತೇ ಇದೆ. ಆ ಬೇಸರಕ್ಕೇ ಅಲ್ಲವೇ ನೀವು ದೂರದ ಬೂಟಿನ ಕಾರ್ಖಾನೆಗೆ ಅಟ್ಟೆ ಅಂಟಿಸಲು ಹೊರಟದ್ದು. ವೆಬ್‌ಸೈಟ್ ಮಾಡೋಣ ಎಂದು ಮಗಳು ಹೇಳಿದಾಗ ಮೂಗು ಮುರಿದಿರಿ. "ಕಾಲು ನೋಡ್ದೆ, ಮುಟ್ಟದೆ ಬೂಟು ಹೊಲಿಯೋಕೆ ನಾನೇನು ಜ್ಯೋತಿಷಿನಾ?" ಎಂದಿರಿ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿರುವ ನಿಮಗೆ ಕೊಂಡ ಬೂಟು ಯಾವತ್ತೂ ಸರಿಹೋದದ್ದಿಲ್ಲ. ಅಳತೆಯ ವಿಷಯದಲ್ಲಿ ನಿಮಗೆ ಅಷ್ಟು ಹಟ ಇರುವುದು ಅದಕ್ಕೇ. ಮಾತಿಗೆ ಮಾತು ಬೆಳೆಯಿತು, ನೀವು ಪೆಟ್ಟಿಗೆ ಕಟ್ಟಿದಿರಿ, ನಾನೂ ತಡೆಯಲಿಲ್ಲ.

ನೀವು ಹೋದಮೇಲೆ ಅವಳು ವೆಬ್‌ಸೈಟ್ ಮಾಡಿಯೇ ಬಿಟ್ಟಳು. ಫೋಟೋ ತೆಗೆಯುವ ಕೆಲಸ ನನ್ನದು. ಕಿಟಕಿಯ ಹತ್ತಿರ ಬಿಳಿ ಬೆಡ್‌ಶೀಟ್ ಹಾಸಿ, ಗಾಜಿನ ಕಪಾಟಿನಲ್ಲಿದ್ದ ಬೂಟುಗಳನ್ನು ಒಂದೊಂದಾಗಿ ಕೂರಿಸಿ ಫೋಟೋ ಹೊಡೆದೆ. ಕಪಾಟಿನಲ್ಲಿ ಎಡಗಾಲಿನದ್ದನ್ನು ಮಾತ್ರ ಇಡುವುದು ಮಾವನವರ ಕಾಲದ ಪದ್ಧತಿ. ಒಂಟಿ ಬೂಟನ್ನು ಯಾವ ಕಳ್ಳನೂ ಎತ್ತಿಕೊಂಡು ಹೋಗುವುದಿಲ್ಲ ಎಂಬ ಲೆಕ್ಕ. ಬಲಗಾಲಿನವು ಒಳಗೆ ಡಬ್ಬಿಗಳಲ್ಲಿವೆ ಎಂಬುದು ನನ್ನ ತಲೆಗೇ ಹೊಳೆಯಲಿಲ್ಲ. "ಅಮ್ಮಾ, ಇಂಟರ್‌ನೆಟ್‌ನಲ್ಲಿ ಯಾವ ಕಳ್ಳ ಬಂದು ಕೈ ಹಾಕ್ತಾನೆ?" ಎಂದು, ಫೋಟೋಗಳೆಲ್ಲ ವೆಬ್‌ಸೈಟಿಗೆ ಹೋದಮೇಲೆ ಅದನ್ನು ಗಮನಿಸಿದ ಮಗಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಬೇರೆ ಫೋಟೋ ಹಾಕೋಣ ಎಂದುಕೊಂಡಿದ್ದೆವು. ಅಷ್ಟರಲ್ಲಿ ಒಬ್ಬ ಟೀಚರಮ್ಮನ ಸಂದೇಶ ಬಂತು. ಅವರಿಗೆ ಅಪಘಾತದಲ್ಲಿ ಬಲಗಾಲು ಹೋಗಿದೆಯಂತೆ. ಪ್ರತಿ ಸಲವೂ ಜೊತೆ ಕೊಂಡು ಒಂದನ್ನು ಹಾಗೇ ಎತ್ತಿಡಬೇಕಂತೆ. ಬೀರು ತೆಗೆದರೆ ಮೆಟ್ಟದ ಬಲಗಾಲಿನ ಬೂಟುಗಳೇ ಕಣ್ಣಿಗೆ ಬೀಳುತ್ತವಂತೆ. "ನೀವು ಎಡಗಾಲಿನದ್ದನ್ನು ಮಾತ್ರ ಮಾರುವುದು ನೋಡಿ ಖುಷಿಯಾಯಿತು, ನನಗೊಂದು ಕಂದು ಬಣ್ಣದ್ದು ಕಳಿಸಿ" ಎಂದು ಕೇಳಿದ್ದರು. ಓದಿ ನನಗೆ ಕಣ್ಣು ತುಂಬಿತು. ಗೊತ್ತಾಗದೆ ಹಾಕಿದ ಫೋಟೋ ಎಂದು ಹೇಳಲು ಬಾಯಿ ಬರಲಿಲ್ಲ.

ಹೌದು, ಮಾರುತ್ತೇವೆ ಎಂದು ಬರೆದೆ. ಒಂದು ಬೇಕಾದವರಿಗೆ ಒಂದು, ಎರಡು ಅಳತೆ ಬೇಕಾದವರಿಗೆ ಎರಡು ಅಳತೆ ಎಂದು ಮಗಳು ವೆಬ್‌ಸೈಟಿನ ಮೊದಲ ಸಾಲಿನಲ್ಲೇ ಹಾಕಿದಳು. ಅಂದಿನಿಂದ ನಾವು ಹೆಸರೂ ಕೇಳಿರದ ಊರುಗಳಿಂದ ಬರೆಯುತ್ತಿದ್ದಾರೆ. ಒಂದು ಪಾದ ದೊಡ್ಡದು, ಇನ್ನೊಂದು ಚಿಕ್ಕದು ಇರುವವರು, ಪೋಲಿಯೋ ಆದವರು, ಕಾಲು ಊದಿಕೊಂಡ ಅಜ್ಜಿಗಾಗಿ ಕೇಳುವ ಮೊಮ್ಮಗಳು. ಇಂಥವರು ನಮ್ಮ ಬೀದಿಗೆ ಅಪರೂಪಕ್ಕೆ ಒಬ್ಬರು ಬರುತ್ತಿದ್ದರೇನೋ. ಈಗ ಎಲ್ಲೆಲ್ಲೋ ಇರುವವರಿಗೆಲ್ಲ ನಮ್ಮ ಬಾಗಿಲು ಕಾಣುತ್ತಿದೆ. ಹಾಳೆಯ ಮೇಲೆ ಪಾದ ಇಟ್ಟು, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಅಂಚೆಯಲ್ಲಿ ಕಳಿಸುತ್ತಾರೆ. ಗೋಡೆಯ ತುಂಬ ಪಾದಗಳು ನೇತಾಡುತ್ತಿವೆ.

ನನ್ನ ಕಷ್ಟ ಇರುವುದು ಇಲ್ಲೇ. ಮೇಲಿನ ಚರ್ಮವನ್ನು ನಾನು ಹೊಲಿದೇನು. ಪಾದದ ಅಳತೆಗೆ ಮರದ ಅಚ್ಚು ಕೆತ್ತುವುದು, ಅಡಿಯ ಅಟ್ಟೆ ಕೂರಿಸುವುದು ನಿಮ್ಮ ಕೈಯಲ್ಲೇ ಆಗಬೇಕು. ನಾನೇ ಅಟ್ಟೆ ಕೂರಿಸಿ ಕಳಿಸಿದ ಬೂಟು ಟೀಚರಮ್ಮನಿಗೆ ಹಿಮ್ಮಡಿ ಕಚ್ಚಿತಂತೆ. ಬೈಯದೆ, ಸರಿಮಾಡಿಕೊಡಿ ಎಂದು ವಾಪಸ್ ಕಳಿಸಿದ್ದಾರೆ. ಅದು ನಿಮ್ಮ ಮೇಜಿನ ಮೇಲಿದೆ. ನೀವು ಬಾರದಿದ್ದರೆ ಗೋಡೆಯ ಮೇಲಿನ ಹಾಳೆಗಳನ್ನೆಲ್ಲ ಕ್ಷಮೆ ಕೇಳಿ ಹಿಂದಕ್ಕೆ ಕಳಿಸಬೇಕು, ನೀವು ಹೇಳಿದ ಬೀಗವನ್ನೂ ಹಾಕಬೇಕು. ನನಗೆ ಅದು ಬೇಡ. ನಿಮಗೂ ಬೇಡ ಎಂದು ನನಗೆ ಗೊತ್ತು.

ಬಂದಮೇಲೆ ಹಳೆಯ ಜಗಳದ ಸುದ್ದಿ ಎತ್ತುವುದಿಲ್ಲ. ಮಗಳ ಪರವಾಗಿ ಮಾತ್ರ ಭರವಸೆ ಕೊಡಲಾರೆ.

ದಾರಿ ನೋಡುತ್ತಾ, ಹಾಗೆಂದು ಯಾರಿಗೂ ಹೇಳದೆ,
ನಿಮ್ಮ ಮನೆಯವಳು

ತಾ.ಕ.: ಮೊನ್ನೆ ಯಾರೋ ಒಬ್ಬರು ವೆಬ್‌ಸೈಟ್ ನೋಡಿ, ಒಂದು ಜೊತೆ ಕಪ್ಪು ಬೂಟು ಬೇಕೆಂದು ಎರಡೂ ಪಾದಗಳ ಹಾಳೆ ಕಳಿಸಿದ್ದಾರೆ. ಕೆಳಗಿರುವ ಹೆಸರು ನಾನು ಕೇಳಿದ್ದಲ್ಲ. ಆದರೆ ಎಡಗಾಲಿನಲ್ಲಿ ಕಿರುಬೆರಳು ಇರಬೇಕಾದ ಕಡೆ ಗೆರೆ ಒಳಕ್ಕೆ ಸರಿದಿದೆ, ಬೆರಳು ಪಕ್ಕದ್ದರ ಮೇಲೆ ಹತ್ತಿ ಕೂತವರಿಗೆ ಸರಿಯುವ ಹಾಗೆ. ಆ ಮಹಾಶಯರು ಸಿಕ್ಕರೆ ತಿಳಿಸಿಬಿಡಿ: ಈ ಒಂದು ಜೊತೆಯನ್ನು ಮಾತ್ರ ನಾವು ಕಾಲು ನೋಡದೆ, ಮುಟ್ಟದೆ ಹೊಲಿಯುವುದಿಲ್ಲ.